ಇರದ ಬಾಕಿಗೆ ಮನ್ನಾ

ತಾರ್ನಾಕದ ಆ ನರ್ಸಿಂಗ್ ಹೋಮಿನಲ್ಲಿ ನಾನು ಕೆಲಸಕ್ಕೆ ಸೇರಿದಾಗಿನಿಂದ ಮೇಟ್ರನ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದ್ದು ಅದೇ ಮೊದಲ ಸಲ. ವಾರ್ಡಿನಲ್ಲಿ ಊಟ ಹಂಚುವ ಹೊತ್ತು. ಅವರು ತೆಲುಗಿನವರು, ಬೈಯುವುದಿದ್ದರೂ ಹೊಗಳುವುದಿದ್ದರೂ ಇಡೀ ಮಹಡಿಗೆ ಕೇಳುವ ಹಾಗೆ ಮಾತಾಡುವವರು. ಅವತ್ತು ಮಾತ್ರ ದನಿ ತಗ್ಗಿಸಿ, "ಸಿಸ್ಟರ್, ಮನೆಯಲ್ಲಿ ಏನಾದರೂ ಹಣದ ತೊಂದರೆ ಇದೆಯಾ?" ಎಂದು ಕೇಳಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಬೆಳಗಿನಿಂದ ಒಬ್ಬ ಗಂಡಸು ಕೆಳಗಿನ ರಿಸೆಪ್ಷನ್ನಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾನಂತೆ. ನಿಮ್ಮಲ್ಲಿ ಕೆಲಸ ಮಾಡುವ ಇಂಥ ನರ್ಸು ಮೊಬೈಲ್ ಕಂಪನಿಯ ಬಿಲ್ಲು ನುಂಗಿ ತಲೆ ಮರೆಸಿಕೊಂಡಿದ್ದಾಳೆ, ಅವಳ ಸಂಬಳ ಹಿಡಿದುಕೊಳ್ಳಿ, ಇಲ್ಲದಿದ್ದರೆ ನಿಮಗೂ ಕೋರ್ಟಿನ ನೋಟಿಸು ಬರುತ್ತದೆ ಎನ್ನುತ್ತಿದ್ದಾನಂತೆ. ರಿಸೆಪ್ಷನ್ನಿನ ಹುಡುಗಿ ಸ್ಪೀಕರ್ ಹಾಕಿದ್ದಳು. ಕೆಳಗೆ ಕಾದು ಕುಳಿತಿದ್ದ ರೋಗಿಗಳ ಕಡೆಯವರೆಲ್ಲ ಕೇಳಿಸಿಕೊಂಡಿದ್ದರು.

"ಅದು ಸುಳ್ಳು ಮೇಡಂ. ಆ ಫೋನನ್ನು ಎಂದೋ ಬಂದ್ ಮಾಡಿಸಿದ್ದೇನೆ, ಕೊನೆಯ ಬಿಲ್ಲನ್ನೂ ಕಟ್ಟಿದ್ದೇನೆ" ಎಂದೆ.

"ನನಗೆ ಗೊತ್ತು, ನನಗೆ ಗೊತ್ತು" ಎಂದರು ಮೇಟ್ರನ್. ಆಮೇಲೆ ನನ್ನ ಮುಖ ನೋಡದೆ, ಹೊರಗೆ ಮಾರಿದರೆ ದುಡ್ಡಾಗುವ ನೋವಿನ ಇಂಜೆಕ್ಷನ್ ಇಡುವ ಕಪಾಟಿನ ಕೀಲಿ ಸ್ವಲ್ಪ ದಿನ ಬೇರೆಯವರ ಹತ್ತಿರ ಇರಲಿ ಎಂದರು. ಕೀಲಿ ಬಿಚ್ಚಿ ಅವರ ಮೇಜಿನ ಮೇಲೆ ಇಟ್ಟೆ. ಮೆಟ್ಟಿಲು ಇಳಿಯುವಾಗ ಅಳು ಬಂದಿದ್ದರೆ ಹಗುರವಾಗುತ್ತಿತ್ತೇನೋ. ಬಂದದ್ದು ಸಿಟ್ಟು.

ಆ ಫೋನಿನ ಕತೆ ಇಷ್ಟೇ. ತಿಂಗಳ ಕೊನೆಗೆ ಬಿಲ್ಲು ಬರುವ ಪೋಸ್ಟ್‌ಪೇಯ್ಡ್ ನಂಬರು ಅದು, ಬಹಳ ವರ್ಷ ನನ್ನಲ್ಲೇ ಇತ್ತು. ನನ್ನ ಗಂಡ ರೈಲ್ವೆಯಲ್ಲಿ ವ್ಯಾಗನ್ ದುರಸ್ತಿಯ ಕೆಲಸದವರು. ಅವರಿಗೆ ಅನುಕೂಲವಾಗಲೆಂದು ನಾವು ಮಲ್ಕಾಜ್‌ಗಿರಿಗೆ ಮನೆ ಬದಲಿಸಿದೆವು. ಹೊಸ ಮನೆಯೊಳಗೆ ಆ ಕಂಪನಿಯ ಸಿಗ್ನಲ್ಲೇ ಇಲ್ಲ. ಬಾಲ್ಕನಿಯ ಮೂಲೆಗೆ ಹೋಗಿ ಬಗ್ಗಿ ನಿಂತರೆ ಎರಡು ಮಾತು ಕೇಳಿಸುತ್ತಿತ್ತು. ಅಷ್ಟರಲ್ಲಿ ಒಂದು ರೈಲು ಹಾದುಹೋದರೆ ಅದೂ ಇಲ್ಲ. ತುರ್ತು ಆಪರೇಷನ್ನಿಗೆ ಡಾಕ್ಟರು ಕರೆದದ್ದು ನನಗೆ ಮುಟ್ಟದೆ ಒಮ್ಮೆ ದೊಡ್ಡ ರಾದ್ಧಾಂತವಾಯಿತು. ಮರುದಿನವೇ ಕಂಪನಿಯ ಶೋರೂಮಿಗೆ ಹೋಗಿ ಕನೆಕ್ಷನ್ ರದ್ದು ಮಾಡಿಸಿದೆ. ರದ್ದತಿಯ ಅರ್ಜಿಯಲ್ಲಿ ಹೊಸ ಮನೆಯ ವಿಳಾಸ ಬರೆದು, ಕೊನೆಯ ಬಿಲ್ಲು ಕೌಂಟರಿನಲ್ಲೇ ಕಟ್ಟಿದೆ. "ಆಯಿತು ಮೇಡಂ, ಇನ್ನು ನಿಮಗೂ ಇದಕ್ಕೂ ಸಂಬಂಧವಿಲ್ಲ" ಎಂದು ಅವರು ನಕ್ಕೇ ಕಳಿಸಿದ್ದರು. ಬೇರೆ ಕಂಪನಿಯ ಹೊಸ ನಂಬರು ತೆಗೆದುಕೊಂಡು ಹಳೆಯದನ್ನು ಮರೆತುಬಿಟ್ಟೆ.

ಕೆಲವು ತಿಂಗಳು ಕಳೆದ ಮೇಲೆ ನನ್ನ ಗಂಡನ ಫೋನಿಗೆ ಕರೆಗಳು ಶುರುವಾದವು. ಹಿಂದೆ ಅರ್ಜಿ ತುಂಬುವಾಗ ಬದಲಿ ನಂಬರು ಅಂತ ಅವರದನ್ನೂ, ಕೆಲಸದ ವಿಳಾಸ ಅಂತ ನರ್ಸಿಂಗ್ ಹೋಮಿನದನ್ನೂ ಕೊಟ್ಟಿದ್ದೆ. ಕರೆ ಮಾಡುತ್ತಿದ್ದವರು ಕಂಪನಿಯವರೂ ಅಲ್ಲ, ಬಾಕಿ ವಸೂಲಿಗೆಂದು ಕಂಪನಿ ಗುತ್ತಿಗೆ ಕೊಟ್ಟಿದ್ದ ಯಾವುದೋ ಏಜೆನ್ಸಿಯವರು. ದಿನಕ್ಕೊಂದು ಹೊಸ ನಂಬರು, ದಿನಕ್ಕೊಂದು ಹೊಸ ದನಿ. ಗಂಡ ಫೋನನ್ನು ನನ್ನ ಕೈಗೆ ಕೊಡುತ್ತಿದ್ದರು. "ಎಪ್ಪುಡು ಕಡತಾರು ಮೇಡಂ?" ಯಾವಾಗ ಕಟ್ಟುತ್ತೀರಿ, ಇದೊಂದೇ ಪ್ರಶ್ನೆ. ರದ್ದು ಮಾಡಿಸಿದ ಮೇಲಿನ ತಿಂಗಳುಗಳಿಗೂ ಬಿಲ್ಲು ಹಾಕಿದ್ದರು, ಅದರ ಮೇಲೆ ದಂಡ, ದಂಡದ ಮೇಲೆ ಇನ್ನೇನೋ. ರದ್ದಾಗಿದೆ ಎಂದು ಕಂಪನಿಯೇ ಕಳಿಸಿದ್ದ ಮೆಸೇಜು ಹಳೆಯ ಸಿಮ್ಮಿಗೆ ಬಂದಿತ್ತು. ಆ ಸಿಮ್ಮನ್ನು ನಾನೇ ಶೋರೂಮಿನವರ ಕೈಗೆ ಕೊಟ್ಟು ಬಂದಿದ್ದೆ. ಕಟ್ಟಿದ ರಸೀದಿ ಇತ್ತು. ಅದನ್ನು ಫೋಟೋ ತೆಗೆದು ಕಳಿಸಿದರೆ, "ಇದು ನಮ್ಮ ಸಿಸ್ಟಮಿನಲ್ಲಿ ಕಾಣಿಸುತ್ತಿಲ್ಲ" ಎಂಬ ಉತ್ತರ.

ಅವತ್ತು ಸಂಜೆ ಕೀಲಿಯ ಸುದ್ದಿ ಹೇಳಿದಾಗ ನನ್ನ ಗಂಡ ಊಟದ ತಾಟು ಸರಿಸಿ ಕುಳಿತರು.

"ಹೋಗ್ಲಿ ಬಿಡ, ಕಟ್ಟಿ ಕೈ ತೊಳಕೊಳ್ಳೂಣು. ಎಷ್ಟಂತ ಜಗಳಾಡ್ತಿ?"

"ನಾ ಯಾಕ ಕಟ್ಲಿರಿ? ಮಾತಾಡದ ಫೋನಿಗೆ ರೊಕ್ಕ ಯಾಕ ಕೊಡ್ಲಿ?"

"ರೊಕ್ಕ ಹೆಚ್ಚೋ ಮರ್ಯಾದಿ ಹೆಚ್ಚೋ?"

"ಕಟ್ಟಿದ್ರ ಮರ್ಯಾದಿ ಉಳಿತೈತೇನ್ರಿ? ಖರೇನ ಬಾಕಿ ಇಟ್ಟಿದ್ಲು, ಅಂಜಿ ಕಟ್ಟಿದ್ಲು ಅಂತಾರ."

ಅವರು ತಾಟು ಎತ್ತಿಕೊಂಡು ಒಳಗೆ ಹೋದರು. ಒಪ್ಪಿ ಹೋದದ್ದಲ್ಲ, ದಣಿದು. ಪಾಪ, ಎತ್ತರದ ದನಿಯಲ್ಲಿ ಮಾತಾಡಿದವರಲ್ಲ ಅವರು. ಯಾರ ಹತ್ತಿರವೂ ಒಂದು ಪೈಸೆ ಕೈಗಡ ತಂದವರೂ ಅಲ್ಲ.

ಆ ವಾರವೇ ಇಬ್ಬರು ಮನೆಗೆ ಬಂದರು. ಬೆಳಗಿನ ಹೊತ್ತು, ನಾನು ರೊಟ್ಟಿ ಬಡಿಯುತ್ತಿದ್ದೆ. ಒಬ್ಬ ಬಾಗಿಲು ಬಡಿದ, ಇನ್ನೊಬ್ಬ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿದರು. ಮೇಲಿನ ಮನೆಯವರು, ಎದುರು ಮನೆಯವರು ಹೊರಗೆ ಬಂದರು. ಕೈಗೆ ಹತ್ತಿದ ಹಿಟ್ಟಿನಲ್ಲೇ ಹೊರಗೆ ಹೋದೆ. ಬಡಿದವನು ಹಿಂದಿಯಲ್ಲಿ, ಇಜ್ಜತ್ ಇರುವವರು ಮನೆ ಬಾಗಿಲಿಗೆ ಜನ ಬರುವ ತನಕ ಕಾಯುವುದಿಲ್ಲ ಎಂದ. ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವನು. ಆಸ್ಪತ್ರೆಯಲ್ಲಿ ಎಂಥೆಂಥವರ ಮಲಮೂತ್ರ ಬಳಿದಿದ್ದೇನೆ, ಕುಡಿದು ಬಂದವರ ಬೈಗಳು ಕೇಳಿದ್ದೇನೆ. ಆಗೆಲ್ಲ ಅವಮಾನ ಅನ್ನಿಸಿರಲಿಲ್ಲ. ನನ್ನದೇ ಹೊಸ್ತಿಲಲ್ಲಿ ನಿಂತು ಗುರುತಿಲ್ಲದವನೊಬ್ಬ ನನ್ನ ಇಜ್ಜತ್ತಿಗೆ ಬೆಲೆ ಕಟ್ಟಿದಾಗ ಅನ್ನಿಸಿತು.

"ನಿನ್ನ ಗುರುತಿನ ಚೀಟಿ ತೋರಿಸು" ಎಂದೆ. ತೋರಿಸಲಿಲ್ಲ. "ಯಾರು ಕಳಿಸಿದ್ದಾರೋ ಅವರ ಪತ್ರ ತೋರಿಸು." ಅದೂ ಇಲ್ಲ. ಕೆಳಗಿನ ಮನೆಯ ರಿಟೈರ್ಡ್ ರೈಲ್ವೆ ಗಾರ್ಡ್ ಮೇಲೆ ಬಂದು ನನ್ನ ಪಕ್ಕ ನಿಂತರು. ಆಗ ಇಬ್ಬರೂ ಇಳಿದುಹೋದರು. ಹೋಗುತ್ತ ವಿಡಿಯೋ ಮಾಡುತ್ತಿದ್ದವನು ನಮ್ಮ ಬಾಗಿಲಿನ ಮೇಲಿನ ಹೆಸರಿನ ಹಲಗೆಯನ್ನೂ ಅದರಲ್ಲಿ ಸೆರೆಹಿಡಿದುಕೊಂಡ.

ಅವತ್ತು ಡ್ಯೂಟಿಗೆ ರಜೆ ಹಾಕಿ ಶೋರೂಮಿಗೆ ಹೋದೆ. ಕೌಂಟರಿನಲ್ಲಿದ್ದ ಯುವತಿ ಕಂಪ್ಯೂಟರ್ ನೋಡಿ, "ಮೇಡಂ, ಈ ನಂಬರು ಚಾಲ್ತಿಯಲ್ಲಿದೆ, ಅದಕ್ಕೇ ಬಿಲ್ಲು ಬರುತ್ತಿದೆ" ಎಂದಳು. ರದ್ದು ಮಾಡಿಸಿದ್ದೇನಲ್ಲ ಎಂದರೆ, "ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿದೆ ಮೇಡಂ" ಎಂದು ಮತ್ತೆ ಅದನ್ನೇ ಹೇಳಿದಳು. ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೆ. ಚಾಲ್ತಿಯಲ್ಲಿದ್ದರೆ ಅದರಲ್ಲಿ ಮಾತಾಡುತ್ತಿರುವವರು ಯಾರು? ಇಷ್ಟು ದಿನ ಈ ಯೋಚನೆ ಹೊಳೆದಿರಲಿಲ್ಲ. ನನ್ನ ಹಳೆಯ ನಂಬರಿಗೆ ನಾನೇ ಫೋನ್ ಹಚ್ಚಿದೆ.

ರಿಂಗಾಯಿತು. ಒಬ್ಬ ಹೆಂಗಸು ಎತ್ತಿದಳು. ನಾನು ತೆಲುಗಿನಲ್ಲಿ, ಈ ಫೋನು ಯಾರದು ಎಂದು ಕೇಳುವುದೇ ತಡ, "ನೇನು ಆವಿಡ ಕಾದಂಡಿ" ಎಂದು ಕೂಗಿದಳು, ಆ ಹೆಂಗಸು ನಾನಲ್ಲ ಎಂದು. ಹರುಕುಮುರುಕು ತೆಲುಗು. ಮರುಕ್ಷಣ ಫೋನನ್ನು ದೂರ ಹಿಡಿದು ಪಕ್ಕದವರಿಗೋ ತನಗೆ ತಾನೋ ಹೇಳಿಕೊಂಡಂತೆ, "ಇವರ ಬಾಯಾಗ ಮಣ್ಣ ಬೀಳ್ಲಿ, ಮತ್ತ ಹಚ್ಯಾರ ನೋಡ" ಎಂದಳು.

ಅದು ನನ್ನ ಊರ ಕಡೆಯ ಕನ್ನಡ. "ತಂಗಿ, ಇಡಬ್ಯಾಡ, ಇಡಬ್ಯಾಡ. ನಾ ಅವರ ಪೈಕಿ ಅಲ್ಲವ್ವಾ" ಎಂದೆ. "ಅವ್ರು ಯಾರ ಹೆಸರು ಹಿಡಿದು ನಿನ್ನ ಬೈತಾರಲ್ಲ, ಆಕಿನ ನಾ."

"ಹೌದೇನ್ರಿ ಅಕ್ಕಾರ?" ಎಂದಳು.

ಯಾದಗಿರಿ ಕಡೆಯವಳು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ, ಗಂಡ ಗೌಂಡಿ, ಗಾರೆ ಕೆಲಸದವನು. ವಾರದ ರಜೆಯ ದಿನ ಅವಳನ್ನು ನೋಡಲು ಹೋದೆ. ಸಿಟಿ ಬಸ್ಸಿನಲ್ಲಿ ಇಡೀ ಊರನ್ನು ಹಾದು, ಕಾರ್ಖಾನೆಗಳ ಆ ಕಮಟು ವಾಸನೆ ಮೂಗಿಗೆ ಹೊಡೆಯುವಲ್ಲಿ ಇಳಿದರೆ, ಸ್ಟಾಪಿನಲ್ಲೇ ತಲೆಮೇಲೆ ಸೆರಗು ಹೊದ್ದು ನಿಂತಿದ್ದಳು. ಹೆದ್ದಾರಿಯ ಹಿಂದಿನ ಸಾಲುಮನೆಗಳಲ್ಲಿ ಒಂದು ಕೋಣೆ. ಚಾಪೆ ಹಾಸಿ, ಚಹಾ ಕೊಟ್ಟು, ಎದುರಿಗೆ ಕುಳಿತು ಹೇಳತೊಡಗಿದಳು.

ಊರಲ್ಲಿ ಹಾಸ್ಟೆಲಿನಲ್ಲಿ ಓದುವ ಮಗಳ ಜೊತೆ ಮಾತಾಡಲೆಂದು ಹೊಸ ಸಿಮ್ ಕೊಂಡಿದ್ದಳು, ತನ್ನ ಹೆಸರಿನಲ್ಲೇ. ಅವಳ ಹೆಸರಿನಲ್ಲಿ ಕೊಂಡ ಮೊದಲ ವಸ್ತು ಅದು. ನಾನು ಬಿಟ್ಟ ನಂಬರನ್ನೇ ಕಂಪನಿ ಅವಳಿಗೆ ಮಾರಿತ್ತು. ಸಿಮ್ ಹಾಕಿದ ಕೆಲವೇ ದಿನಕ್ಕೆ ಕರೆಗಳು ಬಂದವು.

"ರಾಂಗ್ ನಂಬರ್ ಅಂದ್ನಿರಿ. 'ಧ್ವನಿ ಬದಲ್ ಮಾಡಿ ಮಾತಾಡಾಕತ್ತಿ' ಅಂದ್ರು. ನಾ ಯಾಕ ಧ್ವನಿ ಬದಲ್ ಮಾಡ್ಲಿರಿ ಅಕ್ಕಾರ? ನನಗ ಇರೂದ ಒಂದ ಧ್ವನಿ."

"ಗಂಡಗ ಹೇಳಲಿಲ್ಲೇನ?"

"ಹೇಳಿದ್ರ ಫೋನ್ ಕಸಗೊಂಡ ಬಿಡ್ತಾನ್ರಿ. ಮಗಳ ಜೋಡಿ ಹ್ಯಾಂಗ ಮಾತಾಡ್ಲಿ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದಿನ ಅಳಕೋತ, ಮಗಳ ಹಾಸ್ಟೆಲ್‌ನ್ಯಾಗ ಅದಾಳ್ರಿ, ಆಕಿ ಸಲುವಾಗಿ ಫೋನ್ ಇಟ್ಟೀನಿ, ಬಿಟ್ಟ ಬಿಡ್ರಿ ಅಂದ್ನಿ. ಅದನ್ನ ಹಿಡಕೊಂಡ್ರು. ಮಗಳ್ನ ಹಾಸ್ಟೆಲ್‌ನಿಂದ ಹೊರಗ ಹಾಕಸ್ತೀವಿ, ಆಧಾರ್ ಬಂದ್ ಮಾಡಸ್ತೀವಿ ಅಂದ್ರು. ಅಂಜಿ ಕಟ್ಟಿದ್ನಿರಿ."

"ಏನ ಕಟ್ಟಿದಿ?"

"ರೊಕ್ಕರಿ. ಓವರ್‌ಟೈಮ್ ಮಾಡಿದ್ದು. ಎರಡ ಸಲ ಕಟ್ಟೀನಿ. ಇನ್ನೂ ಉಳದೈತಿ ಅಂತಾರ."

ಚಹಾದ ಲೋಟ ಕೆಳಗಿಟ್ಟುಬಿಟ್ಟೆ. ಅಲ್ಲಿಯ ತನಕ ನನ್ನ ಸಿಟ್ಟು ನನ್ನ ಮಾನದ ಸಿಟ್ಟಾಗಿತ್ತು, ಕೀಲಿ ಹೋಯಿತು, ಅಕ್ಕಪಕ್ಕದವರು ನೋಡಿದರು ಎಂಬ ಸಿಟ್ಟು. ಅದು ಆ ಚಾಪೆಯ ಮೇಲೆ ಬೇರೆಯೇ ಆಯಿತು. ನನ್ನ ಬಳಿ ರಸೀದಿ ಇತ್ತು, ರೈಲ್ವೆ ನೌಕರಿಯ ಗಂಡ ಇದ್ದರು, ಪಕ್ಕ ಬಂದು ನಿಲ್ಲುವ ನೆರೆಯವರಿದ್ದರು. ಇವಳಿಗೆ ಏನಿತ್ತು? ನಾನು ಕೊಡಬೇಕಾಗಿರದ ಹಣವನ್ನು, ನನ್ನನ್ನು ಕಂಡೇ ಇರದ ಹೆಂಗಸಿನಿಂದ, ಅವಳ ಮಗಳನ್ನು ಮುಂದಿಟ್ಟು ಕಿತ್ತಿದ್ದರು. ಇದಕ್ಕೆ ಸುಲಿಗೆ ಎನ್ನದೆ ವಸೂಲಿ ಎನ್ನುವುದು ಯಾವ ಭಾಷೆಯ ಮರ್ಯಾದೆ?

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಕಟ್ಟಿಬಿಡು ಎನ್ನುತ್ತಿದ್ದವರು ಪೂರ್ತಿ ಕೇಳಿ, "ಹಾಂಗಾರ ಕಟ್ಟೂದ ಬ್ಯಾಡ" ಎಂದರು. ಎದ್ದು ಹೋಗುತ್ತ, "ನಾನೂ ರಜಾ ಹಾಕ್ತೀನಿ" ಎಂದರು.

ಮುಂದಿನ ಸಲ ಶೋರೂಮಿಗೆ ಅವಳನ್ನೂ ಕರೆದುಕೊಂಡು ಮೂವರೂ ಹೋದೆವು. ಮ್ಯಾನೇಜರನ್ನೇ ಕರೆಸಿ ಎಂದು ಪಟ್ಟು ಹಿಡಿದೆ. ಬಂದರು, ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ. ಒಂದೇ ನಂಬರು ಇಬ್ಬರ ಹೆಸರಿನಲ್ಲಿ ಇರಲು ಸಾಧ್ಯವೇ ಇಲ್ಲ, ಸಿಸ್ಟಮ್ ಒಪ್ಪುವುದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

"ಹಾಗಾದರೆ ಈ ನಂಬರಿಗೆ ಈಗಲೇ ಫೋನ್ ಮಾಡಿ" ಎಂದೆ.

ಮಾಡಿದರು. ನನ್ನ ಪಕ್ಕದಲ್ಲಿದ್ದವಳ ಚೀಲದೊಳಗೆ ಫೋನು ರಿಂಗಾಯಿತು. ಅವಳು ಅದನ್ನು ಹೊರತೆಗೆದು, ಎದುರಿಗೇ ನಿಂತ ಮ್ಯಾನೇಜರನ್ನು ನೋಡುತ್ತ, ಕಿವಿಗಿಟ್ಟು, "ಹೇಳ್ರಿ ಸಾಹೇಬ್ರ" ಎಂದಳು.

ಅವರು ಫೋನ್ ಇಟ್ಟು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬರುವಾಗ ಕೈಯಲ್ಲಿ ಒಂದು ಹಾಳೆ, ಮುಖದಲ್ಲಿ ನಗು. ಬದಲಾಯಿಸುವಾಗ ಎಲ್ಲೋ ತಾಂತ್ರಿಕ ತೊಂದರೆಯಾಗಿದೆ, ನೀವು ಹಳೆಯ ಗ್ರಾಹಕರು, ಆದ್ದರಿಂದ ವಿಶೇಷ ರಿಯಾಯಿತಿಯಾಗಿ ಪೂರ್ತಿ ಬಾಕಿಯನ್ನು ಮನ್ನಾ ಮಾಡುತ್ತಿದ್ದೇವೆ, ಇಲ್ಲಿ ಸಹಿ ಹಾಕಿ ಎಂದರು. ಓದಿದೆ. ಗ್ರಾಹಕರ ಕೋರಿಕೆಯ ಮೇರೆಗೆ ಎಂದು ಶುರುವಾಗಿತ್ತು.

"ನಾನು ಕೋರಿಕೊಂಡಿಲ್ಲ" ಎಂದೆ. "ಮನ್ನಾ ಅಂದರೆ ಬಾಕಿ ಇತ್ತು ಎಂದಾಯಿತು. ಬಾಕಿ ಇರಲಿಲ್ಲ ಎಂದು ಬರೆಯಿರಿ. ಇವಳ ಹಣ ವಾಪಸ್ ಕೊಡಿ."

"ಅದು ಏಜೆನ್ಸಿಯವರ ವಿಷಯ ಮೇಡಂ. ಅವರಿಗೂ ನಮಗೂ ಸಂಬಂಧವಿಲ್ಲ."

ನನ್ನ ಗಂಡ ಜೀವಮಾನದಲ್ಲಿ ಮೊದಲ ಬಾರಿ ಸಾರ್ವಜನಿಕ ಜಾಗದಲ್ಲಿ ದನಿ ಎತ್ತಿದ್ದು ಆಗ. "ಸಂಬಂಧ ಇಲ್ಲದವರಿಗೆ ನನ್ನ ಹೆಂಡತಿಯ ವಿಳಾಸ ಹೇಗೆ ಸಿಕ್ಕಿತು?" ಎಂದು ಹಿಂದಿಯಲ್ಲಿ ಕೇಳಿದರು. ಶೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆವು.

ಪೊಲೀಸ್ ಠಾಣೆಯಲ್ಲಿ, ಇದು ನಮ್ಮ ಕೆಲಸವಲ್ಲ, ಗ್ರಾಹಕರ ಆಯೋಗಕ್ಕೆ ಹೋಗಿ ಎಂದರು. ಆದರೂ ಮನೆಗೆ ಬಂದ ಇಬ್ಬರ ಮೇಲೆ ಒಂದು ದೂರು ಬರೆಸಿಕೊಂಡರು, ಅದರಿಂದ ಕರೆಗಳು ನಿಂತವು. ಆಯೋಗಕ್ಕೆ ನಾನೇ ಅರ್ಜಿ ಬರೆದೆ. ವಕೀಲರನ್ನು ಇಡಲಿಲ್ಲ. ತಿಂಗಳುಗಟ್ಟಲೆ ವಾಯಿದೆಯ ಮೇಲೆ ವಾಯಿದೆ. ಈ ನಡುವೆ ನರ್ಸಿಂಗ್ ಹೋಮಿನಲ್ಲಿ ಕೀಲಿ ಇಟ್ಟುಕೊಂಡಿದ್ದ ಸಿಸ್ಟರು ಹೆರಿಗೆ ರಜೆಗೆ ಹೋದಳು. ಮೇಟ್ರನ್ ಒಂದೂ ಮಾತಾಡದೆ ಕೀಲಿಯನ್ನು ನನ್ನ ಕೈಗೆ ಹಾಕಿದರು. ಸಂಶಯ ಪಡುವಾಗ ಬಾಗಿಲು ಮುಚ್ಚಿ ಮಾತಾಡಿದ್ದರು. ಸಂಶಯ ಹೋಯಿತೋ, ಬೇರೆ ಜನ ಇರಲಿಲ್ಲವೋ ಎಂದು ಹೇಳಲು ಅವರಿಗೆ ಬಾಗಿಲೂ ಬೇಕಾಗಲಿಲ್ಲ, ಮಾತೂ ಬೇಕಾಗಲಿಲ್ಲ. ಅದು ನನಗೆ ಕೀಲಿ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಚುಚ್ಚಿತು.

ಕೊನೆಗೂ ಆಯೋಗದಲ್ಲಿ ವಿಚಾರಣೆಯಾಯಿತು. ಪಟಾನ್‌ಚೆರುವಿನವಳು ಪಾಳಿ ಬಿಟ್ಟು, ಆ ದಿನದ ಕೂಲಿ ಕಳೆದುಕೊಂಡು ಬಂದಿದ್ದಳು. ಕಂಪನಿಯ ವಕೀಲರು ಎದ್ದು, ನಾವು ಆಗಲೇ ಮನ್ನಾ ಮಾಡಿದ್ದೇವೆ, ಈಕೆ ಸುಮ್ಮನೆ ಎಳೆಯುತ್ತಿದ್ದಾರೆ ಎಂದರು. ಪೀಠದಲ್ಲಿದ್ದ ಮಹಿಳೆ ನನ್ನನ್ನು, ಮನ್ನಾ ಮಾಡಿದ ಮೇಲೂ ನಿಮ್ಮ ತಕರಾರೇನು ಎಂದು ತೆಲುಗಿನಲ್ಲಿ ಕೇಳಿದರು.

"ಅಮ್ಮಾ, ನಾನು ಬಾಕಿಯೇ ಇಟ್ಟಿಲ್ಲ. ಇಲ್ಲದ್ದನ್ನು ಮನ್ನಾ ಮಾಡಲು ಇವರು ಯಾರು? ನಾಳೆ ಇನ್ನೊಬ್ಬರು ಈ ಹಾಳೆ ಓದಿದರೆ, ಬಾಕಿದಾರಳನ್ನು ಕಂಪನಿ ದೊಡ್ಡ ಮನಸ್ಸು ಮಾಡಿ ಬಿಟ್ಟಿತು ಎಂದುಕೊಳ್ಳುತ್ತಾರೆ. ನನಗೆ ಇವರ ದೊಡ್ಡ ಮನಸ್ಸು ಬೇಡ" ಎಂದೆ. ಆಮೇಲೆ ಹಿಂದೆ ಕುಳಿತವಳನ್ನು ತೋರಿಸಿದೆ.

ಅವಳ ಮಾತನ್ನೂ ಕೇಳಿದರು. ತೆಲುಗು ಸಿಗದ ಕಡೆ ಅವಳು ಕನ್ನಡದಲ್ಲೇ ಹೇಳಿದಳು, ನಾನು ತೆಲುಗಿಗೆ ತಿರುಗಿಸಿದೆ. ವಕೀಲರು ಮತ್ತೆ, ಏಜೆನ್ಸಿಯ ತಪ್ಪಿಗೆ ಕಂಪನಿ ಹೊಣೆಯಲ್ಲ ಎಂದರು. "ಅವರು ವಸೂಲು ಮಾಡಿದ್ದು ಯಾರ ಬಿಲ್ಲನ್ನು?" ಎಂದು ಪೀಠ ಕೇಳಿತು. ವಕೀಲರು ಫೈಲು ತಿರುವಿದರು.

ತೀರ್ಪು ನಮ್ಮ ಕಡೆಗಾಯಿತು. ರದ್ದಾದ ದಿನದಿಂದ ಯಾವ ಬಾಕಿಯೂ ಇರಲಿಲ್ಲ ಎಂದು ಸ್ಪಷ್ಟವಾಗಿ ಬರೆದರು. ನನಗೆ ಖರ್ಚು ಕೊಡಿಸಿದರು, ಅವಳಿಂದ ಪಡೆದದ್ದನ್ನು ಹಿಂದಿರುಗಿಸಲು ಹೇಳಿದರು. ಹೊರಗೆ ಬಂದು ನಾನು, ನನ್ನ ಗಂಡ, ಅವಳು ಮೂವರೂ ಇರಾನಿ ಹೋಟೆಲಿನಲ್ಲಿ ಕುಳಿತು ಚಹಾ ಕುಡಿದೆವು. ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, "ಕೋರ್ಟಿನ್ಯಾಗ ಕನ್ನಡದಾಗ ಮಾತಾಡಿದ್ನಿ ನೋಡ್ರಿ" ಎಂದು ನಕ್ಕಳು.

ಕೆಲವು ದಿನದ ಮೇಲೆ ಅವಳ ಫೋನ್ ಬಂತು. "ಅಕ್ಕಾರ, ರೊಕ್ಕ ಬಂತ್ರಿ. ಆದ್ರ ಕೈಯಾಗ ಬರಲಿಲ್ಲ."

ಕಂಪನಿಯವರು ಅವಳ ಹಣವನ್ನು ಅವಳ ಸಿಮ್ಮಿಗೇ ಟಾಕ್‌ಟೈಮ್ ಮಾಡಿ ಹಾಕಿದ್ದರು.

"ನಾ ಏನ್ ಇಷ್ಟ ಮಾತಾಡ್ಲಿರಿ?" ಎಂದಳು. ಅವಳಿಗೆ ನಗು ಬಂದಿತ್ತು. ನನಗೆ ಬರಲಿಲ್ಲ. ಅವಳ ದುಡಿಮೆಯನ್ನು ಕಿತ್ತುಕೊಂಡು, ಅದನ್ನು ತಮ್ಮದೇ ಅಂಗಡಿಯ ಸಾಮಾನಿನಲ್ಲಿ ವಾಪಸ್ ಕೊಟ್ಟಿದ್ದರು. ಮತ್ತೆ ಶೋರೂಮು, ಮತ್ತೆ ಆಯೋಗಕ್ಕೆ ಅರ್ಜಿ, ಮತ್ತೆ ರಜೆ. ಕೊನೆಗೆ ಅವಳ ಬ್ಯಾಂಕಿನ ಖಾತೆಗೆ ಬಂತು. ಈ ನಂಬರನ್ನು ಬಿಟ್ಟು ಬೇರೆ ಸಿಮ್ ತೆಗೆದುಕೊ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಒಪ್ಪಲಿಲ್ಲ. "ನನ್ನ ಹೆಸರ್ಲೆ ಐತಿ, ನಾ ಯಾಕ ಬಿಡ್ಲಿ?" ಈಗಲೂ ಹಬ್ಬ ಹುಣ್ಣಿಮೆಗೆ ಅದೇ ನಂಬರಿನಿಂದ ಫೋನ್ ಮಾಡುತ್ತಾಳೆ. ಮಗಳು ಪಿಯುಸಿಗೆ ಸೇರಿದ್ದಾಳೆ.

ಕಂಪನಿಯಿಂದ ಕ್ಷಮೆಯ ಒಂದು ಸಾಲು ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು ವಿಡಿಯೋ ಮಾಡಿದವನು ಯಾರೆಂದೂ ತಿಳಿಯಲಿಲ್ಲ. ಬಂದದ್ದು ಒಂದು ಕರೆ ಮಾತ್ರ. ವಾರ್ಡಿನಲ್ಲಿ ಸಲೈನ್ ಬಾಟಲಿ ಬದಲಿಸುತ್ತಿದ್ದೆ. ಒಬ್ಬಳು ಹುಡುಗಿ ಬಹಳ ವಿನಯದಿಂದ, ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಬಾಟಲಿ ಸರಿಮಾಡಿ, ವರಾಂಡಕ್ಕೆ ಹೋಗಿ, ರಿಸೆಪ್ಷನ್ನಿಗೆ ಬಂದ ಕರೆಯಿಂದ ಟಾಕ್‌ಟೈಮಿನ ತನಕ ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳ ತಪ್ಪಲ್ಲ ಎಂದು ಗೊತ್ತಿತ್ತು. ಆದರೆ ಆ ಕಂಪನಿಯಿಂದ ನನ್ನ ಮಾತನ್ನು ಕೇಳಲೆಂದೇ ಫೋನ್ ಮಾಡಿದವಳು ಅವಳೊಬ್ಬಳೇ. ಪೂರ್ತಿ ಕೇಳಿಸಿಕೊಂಡಳು.

"ಎಷ್ಟು ಹಾಕಲಿ ಮೇಡಂ?"

"ಸೊನ್ನೆ" ಎಂದೆ.

"ಸೊನ್ನೆ ಇಲ್ಲ ಮೇಡಂ. ಒಂದರಿಂದ ಶುರು."

"ಹಾಗಾದರೆ ನಾನು ಅಂಕ ಕೊಡಲಿಲ್ಲ ಎಂದು ಬರೆ. ನಾನು ಒಪ್ಪದ್ದನ್ನು ನನ್ನ ಹೆಸರಿಗೆ ಬರೆಯಬೇಡ" ಎಂದು ಹೇಳಿ, ಫೋನಿಟ್ಟು ರೋಗಿಯ ಬಳಿ ಹೋದೆ.